ಜ್ವರವೊಂದು, ಕಾರಣ ಹಲವು

ಜ್ವರವು ಸ್ವತಃ ರೋಗವಲ್ಲ, ರೋಗದ ಲಕ್ಷಣ. ದೇಹದೊಳಗೆ ಏನೋ ಕೆಟ್ಟಿದೆಯೆಂಬುದನ್ನು ಅದು ಸಾರುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ಮಲೇರಿಯಾ, ವಿಷಮಶೀತ ಜ್ವರ, ಡೆಂಗಿ, ಇಲಿಜ್ವರ ಇವೆಲ್ಲವೂ ಮೊದಲ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಒಂದೇ ಮುಖವನ್ನು ತೋರಬಲ್ಲವು. ಆದುದರಿಂದ ನುರಿತ ವೈದ್ಯನು ನಾಡಿ ಹಿಡಿದೊಡನೆಯೇ ಒಂದು ಹೆಸರಿಗೆ ಅಂಟಿಕೊಳ್ಳುವುದಿಲ್ಲ. ಸಂಭವನೀಯ ರೋಗಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಒಂದೊಂದನ್ನೂ ತೂಗಿ ನೋಡುತ್ತಾನೆ. ರೋಗನಿದಾನವೆಂದರೆ ಈ ತೂಗುವಿಕೆಯೇ.

ಈ ತಕ್ಕಡಿಗೆ ಎರಡು ತಟ್ಟೆಗಳುಂಟು. ಈ ಊರಿನಲ್ಲಿ, ಈ ಋತುವಿನಲ್ಲಿ, ಈ ವಯಸ್ಸಿನವರಿಗೆ ಹೆಚ್ಚಾಗಿ ಬರುವ ರೋಗ ಯಾವುದು ಎಂಬುದು ಒಂದು. ಅಪರೂಪವಾದರೂ ಕಣ್ತಪ್ಪಿದರೆ ಪ್ರಾಣಕ್ಕೆ ಎರವಾಗುವ ರೋಗ ಯಾವುದು ಎಂಬುದು ಇನ್ನೊಂದು. ಸಾಮಾನ್ಯ ಶೀತಜ್ವರವೇ ಹೆಚ್ಚೆಂದು ಬಲ್ಲ ವೈದ್ಯನೂ, ರೋಗಿಯ ಕುತ್ತಿಗೆ ಸೆಟೆದಿದ್ದರೆ ಮಿದುಳಿನ ಪೊರೆಯ ಉರಿಯೂತವನ್ನು ಮೊದಲು ಪರಿಶೀಲಿಸದೆ ಬಿಡನು.

ಬಳಿಕ ಪ್ರಶ್ನೆಗಳು. ಜ್ವರವು ನಡುಕದೊಡನೆ ಏರಿ ಬೆವರಿನೊಡನೆ ಇಳಿಯುತ್ತಿದ್ದರೆ ಮಲೇರಿಯದ ಶಂಕೆ ಬಲಗೊಳ್ಳುತ್ತದೆ. ವಾರ ಕಳೆದರೂ ಇಳಿಯದಿದ್ದರೆ ವಿಷಮಶೀತ ಜ್ವರವನ್ನೂ, ಕಣ್ಣಿನ ಹಿಂಭಾಗದಲ್ಲಿಯೂ ಕೀಲುಗಳಲ್ಲಿಯೂ ತೀವ್ರ ನೋವಿದ್ದರೆ ಡೆಂಗಿಯನ್ನೂ, ಗದ್ದೆಯ ಕೆಸರಿನಲ್ಲಿ ದುಡಿದವನ ಕಣ್ಣು ಕೆಂಪಾಗಿ ಮೀನಖಂಡ ನೋಯುತ್ತಿದ್ದರೆ ಇಲಿಜ್ವರವನ್ನೂ ನೆನೆಯಬೇಕಾಗುತ್ತದೆ. ಇವು ಸೂಚನೆಗಳು ಮಾತ್ರ. ಒಂದೊಂದೇ ಆಗಿ ಯಾವುದೂ ಸಾಕ್ಷ್ಯವಲ್ಲ.

ರಕ್ತಪರೀಕ್ಷೆಯ ಮಾತೂ ಕೊನೆಯ ಮಾತಲ್ಲ. ಒಂದು ಸಲದ ಲೇಪನದಲ್ಲಿ ಮಲೇರಿಯದ ಪರೋಪಜೀವಿ ಕಾಣದಿದ್ದರೆ ಮತ್ತೆ ನೋಡಬೇಕು. ಡೆಂಗಿಯ ವೈರಸ್ಸಿನ ಅಂಶವು ಮೊದಲ ಕೆಲವು ದಿನಗಳ ರಕ್ತದಲ್ಲಿಯೂ, ಅದಕ್ಕೆದುರಾದ ಪ್ರತಿಕಾಯಗಳು ಅನಂತರದ ದಿನಗಳಲ್ಲಿಯೂ ದೊರೆಯುತ್ತವೆ. ದಿನ ತಪ್ಪಿದರೆ ಫಲಿತಾಂಶವೂ ತಪ್ಪೀತು. ಪರೀಕ್ಷೆಗೆ ಮುನ್ನವೇ ಅಂಗಡಿಯಿಂದ ತಂದ ಪ್ರತಿಜೀವಕವನ್ನು ನುಂಗಿದವನ ರಕ್ತದಲ್ಲಿ ವಿಷಮಶೀತ ಜ್ವರದ ಬ್ಯಾಕ್ಟೀರಿಯವು ಬೆಳೆಯದೆ ಹೋಗಬಹುದು.

ಪಟ್ಟಿಯಲ್ಲಿಯೇ ಇಲ್ಲದ ರೋಗವೂ ಬರಬಹುದೆಂಬುದಕ್ಕೆ ಕರ್ನಾಟಕವೇ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಜನರು ತೀವ್ರ ಜ್ವರದಿಂದ ನರಳಿದರು. ಕಾಡಿನಲ್ಲಿ ಮಂಗಗಳು ಸತ್ತವು. ಮಂಗಗಳ ಸಾವಿನಿಂದಾಗಿ ಹಳದಿ ಜ್ವರದ ಶಂಕೆ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಪರಿಶೋಧನೆಯಿಂದ ಅದು ಹಳದಿ ಜ್ವರವಲ್ಲ, ಉಣುಗುಗಳ ಕಡಿತದಿಂದ ಹರಡುವ ಹೊಸದೊಂದು ವೈರಸ್ ರೋಗವೆಂದು ತಿಳಿದುಬಂದಿತು. ಅದೇ ಇಂದಿನ ಮಂಗನ ಕಾಯಿಲೆ. ಶಂಕೆಯನ್ನೇ ಸತ್ಯವೆಂದು ನಂಬಿ ಕುಳಿತಿದ್ದರೆ ಈ ಅರಿವು ಲಭಿಸುತ್ತಿರಲಿಲ್ಲ. ಇಂದು ಮಲೆನಾಡಿನ ವೈದ್ಯನು ಜ್ವರದ ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ 'ಕಾಡಿಗೆ ಹೋಗಿದ್ದೆಯಾ? ಮಂಗ ಸತ್ತಿತ್ತೇ?' ಎಂಬುವೂ ಸೇರಿವೆ.

ತಕ್ಕಡಿಯನ್ನು ಒಮ್ಮೆ ಹಿಡಿದು ಕೆಳಗಿಡುವಂತಿಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತಾಗಬಹುದು. ಆಗ ಹೊಟ್ಟೆನೋವು, ಎಡೆಬಿಡದ ವಾಂತಿ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ಕಾರ್ಯದಲ್ಲಿ ರೋಗಿಯ ಪಾಲೂ ಉಂಟು. ಜ್ವರ ಎಂದು ಆರಂಭವಾಯಿತು, ಎಲ್ಲಿಗೆ ಹೋಗಿದ್ದಾಯಿತು, ಯಾವ ಮಾತ್ರೆ ನುಂಗಿದ್ದಾಯಿತು ಎಂಬುದನ್ನು ಮರೆಮಾಚದೆ ಹೇಳಬೇಕು. ರೋಗಿಯು ಮುಚ್ಚಿಟ್ಟ ಒಂದು ಸಂಗತಿಯಿಂದ ಸರಿಯಾದ ತಕ್ಕಡಿಯೂ ತಪ್ಪು ತೂಕವನ್ನು ತೋರುತ್ತದೆ.