ನಿದ್ದೆಗೆಡಿಸುವ ನಾಯಿ, ಬೆಕ್ಕು: ರಾತ್ರಿಯ ತೊಂದರೆಗೆ ಹಗಲಿನ ಮದ್ದು

ಬೆಕ್ಕು ರಾತ್ರಿಯಿಡೀ ಎಚ್ಚರವಿರುವ ಪ್ರಾಣಿಯಲ್ಲ. ಅದು ತೀರಾ ಚುರುಕಾಗುವುದು ದಿನದ ಎರಡು ಹೊತ್ತು, ಮುಸ್ಸಂಜೆಯಲ್ಲಿ ಮತ್ತು ನಸುಕಿನಲ್ಲಿ. ಸಾಕುಬೆಕ್ಕಿನ ಮೂಲವಾದ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಇಲಿಗಳು ಬಿಲದಿಂದ ಹೊರಬರುವ ಹೊತ್ತು ನೋಡಿ ಬೇಟೆಗೆ ಹೊರಡುತ್ತಿತ್ತು. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ಮೇಲೂ ಆ ರೂಢಿ ಸಾಕುಬೆಕ್ಕಿನಲ್ಲಿ ಉಳಿದಿದೆ. ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ ನಿಜ, ಆದರೆ ಆ ನಿದ್ದೆ ಚಿಕ್ಕ ಚಿಕ್ಕ ತುಂಡುಗಳಾಗಿ ಹಗಲು ರಾತ್ರಿ ಎರಡರಲ್ಲೂ ಹಂಚಿಹೋಗಿರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಬೆಕ್ಕು ಹಾಸಿಗೆ ಹತ್ತಿ ಮುಖ ಮುಟ್ಟಿದರೆ, ಕಪಾಟಿನ ಮೇಲಿದ್ದುದನ್ನು ಬೀಳಿಸಿದರೆ, ಅದರ ಮಟ್ಟಿಗೆ ಅದು ಹೊತ್ತಿಗೆ ಸರಿಯಾಗಿಯೇ ಎದ್ದಿದೆ.

ನಾಯಿಯ ಲೆಕ್ಕ ಬೇರೆ. ಬೆಳೆದ ನಾಯಿ ಮನೆಯವರ ದಿನಚರಿಗೆ ಹೊಂದಿಕೊಂಡು ರಾತ್ರಿಯೇ ಹೆಚ್ಚು ಮಲಗುತ್ತದೆ. ಆದರೆ ಅದರ ನಿದ್ದೆ ತೆಳು. ಮಲಗುವುದು, ಏಳುವುದು, ಸುತ್ತ ಕಿವಿಗೊಟ್ಟು ಮತ್ತೆ ಮಲಗುವುದು ರಾತ್ರಿಯುದ್ದಕ್ಕೂ ನಡೆದೇ ಇರುತ್ತದೆ. ಹಳ್ಳಿಯಲ್ಲಿ ನಾಯಿ ಸಾಕುತ್ತಿದ್ದುದೇ ಈ ಗುಣಕ್ಕಾಗಿ. ಕುರಿಹಟ್ಟಿ, ಕಣ, ಕೊಟ್ಟಿಗೆ, ಅಡಕೆ ತೋಟಗಳಲ್ಲಿ ಸಣ್ಣ ಸದ್ದಿಗೂ ಎದ್ದು ಬೊಗಳುವ ನಾಯಿಯೇ ಒಳ್ಳೆಯ ನಾಯಿ. ಅದೇ ತಳಿ, ಅದೇ ಕಿವಿ ಇಂದು ನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿದೆ. ಲಿಫ್ಟಿನ ಸದ್ದು, ಮೇಲಿನ ಮನೆಯವರ ಹೆಜ್ಜೆ, ಕೆಳಗಿನ ಬೀದಿಯಲ್ಲಿ ಹಾದುಹೋಗುವ ನಾಯಿಗಳು, ಮೋರಿಯಲ್ಲಿ ಓಡಾಡುವ ಹೆಗ್ಗಣ, ಎಲ್ಲವೂ ಅದಕ್ಕೆ ಸುದ್ದಿಯೇ.

ಹೀಗಾಗಿ ಸಾಕುಪ್ರಾಣಿ ರಾತ್ರಿ ಎಬ್ಬಿಸುತ್ತಿದ್ದರೆ ಅದನ್ನು ಹಟ, ಪೊಗರು ಎಂದು ತಿಳಿಯುವುದು ತಪ್ಪು. ಆರೋಗ್ಯವಾಗಿರುವ ಪ್ರಾಣಿಯಾದರೆ ಬಹುಪಾಲು ಸಲ ಕಾರಣ ಅದರ ಹಗಲಿನಲ್ಲಿರುತ್ತದೆ. ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಎಂಟು ಹತ್ತು ಗಂಟೆ ಒಂಟಿಯಾಗಿ ಮಲಗಿಯೇ ಕಳೆದ ನಾಯಿ ಅಥವಾ ಬೆಕ್ಕಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ತನ್ನವರು ಮನೆಯಲ್ಲಿರುವ ಹೊತ್ತು ಅದಕ್ಕೆ ರಾತ್ರಿಯೊಂದೇ.

ಬೆಕ್ಕಿನ ವಿಷಯದಲ್ಲಿ ಈ ಚಕ್ರವನ್ನು ತಿರುಗಿಸುವ ದಾರಿ ಬೆಕ್ಕಿನ ಸ್ವಭಾವದಲ್ಲಿಯೇ ಇದೆ. ಹೊಂಚು ಹಾಕುವುದು, ಹಿಡಿಯುವುದು, ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಆಮೇಲೆ ಮಲಗುವುದು, ಇದು ಬೇಟೆಗಾರ ಪ್ರಾಣಿಯ ಕ್ರಮ. ಮನೆಯವರು ಮಲಗುವ ಮೊದಲು ಹತ್ತು ಹದಿನೈದು ನಿಮಿಷ ಕೋಲಿಗೆ ದಾರ, ದಾರಕ್ಕೆ ಗರಿ ಕಟ್ಟಿ ಬೆಕ್ಕನ್ನು ಚೆನ್ನಾಗಿ ಓಡಿಸಬೇಕು, ನಡುವೆ ಕೆಲವು ಸಲ ಗರಿಯನ್ನು ಹಿಡಿಯಲು ಬಿಡಬೇಕು. ಕೂಡಲೇ ದಿನದ ದೊಡ್ಡ ಊಟ ಕೊಡಬೇಕು. ಹೊಟ್ಟೆ ತುಂಬಿದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡುವುದು ಮುಖ್ಯ. ನುಂಗಿದ ದಾರ ಕರುಳಿಗೆ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹಗಲಲ್ಲಿಯೂ ಊಟವನ್ನು ಒಂದೇ ಬಟ್ಟಲಿಗೆ ಸುರಿಯದೆ ಸಣ್ಣ ಪಾಲುಗಳಾಗಿ ಮಾಡಿ, ರಟ್ಟಿನ ಡಬ್ಬಿಗಳಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಬಚ್ಚಿಟ್ಟರೆ ಹುಡುಕಿ ತಿನ್ನುವ ಕೆಲಸ ಸಿಗುತ್ತದೆ. ಕಿಟಕಿಗೆ ಜಾಲರಿ ಹಾಕಿ ಹೊರಗಿನ ಹಕ್ಕಿ, ಅಳಿಲುಗಳನ್ನು ನೋಡುತ್ತ ಕೂರಲು ಎತ್ತರದ ಜಾಗ ಕೊಟ್ಟರೂ ಒಂಟಿ ಹಗಲು ಅಷ್ಟು ಖಾಲಿಯಾಗಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ತಪ್ಪಿನಿಂದ ಎಲ್ಲ ಕೆಡುತ್ತದೆ. ನಾಲ್ಕೂವರೆಗೆ ಬೆಕ್ಕು ಕೂಗಿದಾಗ ಎದ್ದುಹೋಗಿ ಬಟ್ಟಲಿಗೆ ನಾಲ್ಕು ಕಾಳು ಹಾಕಿ ಬಂದು ಮಲಗುವುದೇ ಆ ತಪ್ಪು. ಕೂಗಿದರೆ ಊಟ ಬರುತ್ತದೆ ಎಂದು ಬೆಕ್ಕು ಕಲಿಯುತ್ತದೆ. ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಸೋತು ಎದ್ದರೆ ಇನ್ನೂ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ವಿವರವಿದೆ. ಪ್ರತಿ ಸಲವೂ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಪಾರಿವಾಳ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಬೆಕ್ಕೂ ಹಾಗೆಯೇ. ಆದ್ದರಿಂದ ಓಗೊಡಬಾರದು ಎಂದು ತೀರ್ಮಾನಿಸಿದರೆ ಮನೆಯವರೆಲ್ಲರೂ, ಎಲ್ಲ ದಿನವೂ ಅದಕ್ಕೆ ಬದ್ಧರಾಗಿರಬೇಕು. ಬೈಯುವುದೂ, ತಳ್ಳುವುದೂ ಬೆಕ್ಕಿನ ಲೆಕ್ಕದಲ್ಲಿ ಓಗೊಟ್ಟಂತೆಯೇ. ನಿಲ್ಲಿಸುವ ಮುನ್ನ ಕೂಗು ಕೆಲವು ದಿನ ಮೊದಲಿಗಿಂತ ಜೋರಾಗುತ್ತದೆ. ಬಹಳ ಮಂದಿ ಕೈಚೆಲ್ಲುವುದು ಈ ಹಂತದಲ್ಲಿ, ಅದೂ ಗೆಲುವು ಹತ್ತಿರವಿದ್ದಾಗ. ಇದನ್ನು ಸುಲಭ ಮಾಡುವ ಒಂದು ಉಪಕರಣವಿದೆ: ಗೊತ್ತುಪಡಿಸಿದ ಹೊತ್ತಿಗೆ ತಾನಾಗಿ ಮುಚ್ಚಳ ತೆರೆಯುವ ಊಟದ ಡಬ್ಬಿ. ಬೆಳಗಿನ ಊಟ ಮನುಷ್ಯರ ಕೈಯಿಂದಲ್ಲ, ಡಬ್ಬಿಯಿಂದ ಬರುತ್ತದೆ ಎಂದು ತಿಳಿದ ಬೆಕ್ಕು ಹಾಸಿಗೆ ಬಿಟ್ಟು ಡಬ್ಬಿಯ ಮುಂದೆ ಕಾಯುತ್ತದೆ.

ಸಂತಾನಹರಣ ಮಾಡಿಸದ ಹೆಣ್ಣು ಬೆಕ್ಕಿನ ಕೂಗು ಮಾತ್ರ ಆಟಕ್ಕೂ ಊಟಕ್ಕೂ ನಿಲ್ಲುವಂಥದ್ದಲ್ಲ. ಬೆದೆಗೆ ಬಂದ ಬೆಕ್ಕು ಸುಮಾರು ಒಂದು ವಾರ ಹಗಲು ರಾತ್ರಿ ಕೂಗಿ ನೆಲದ ಮೇಲೆ ಹೊರಳುತ್ತದೆ. ಗಂಡು ಸಿಗದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಬೆದೆಗೆ ಬರುತ್ತದೆ. ಬೆಕ್ಕಿನ ಬೆದೆ ಹಗಲಿನ ಉದ್ದಕ್ಕೆ ಹೊಂದಿಕೊಂಡದ್ದು. ಹಗಲಿನ ಅವಧಿಯಲ್ಲಿ ಹೆಚ್ಚು ಏರುಪೇರಿಲ್ಲದ ದಕ್ಷಿಣ ಭಾರತದಲ್ಲಿ ಅದಕ್ಕೆ ಇಂಥದೇ ಕಾಲವೆಂಬುದಿಲ್ಲ. ಐದಾರು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೇ ಇದಕ್ಕೆ ಉಪಾಯ. ಗಂಡು ಬೆಕ್ಕು ರಾತ್ರಿ ಹೊರಗೆ ಹೋಗಲು ಬಾಗಿಲು ಕೆರೆಯುವುದೂ, ಜಗಳವಾಡಿ ಗಾಯ ಮಾಡಿಕೊಂಡು ಬರುವುದೂ ಇದರಿಂದ ಬಹಳ ಮಟ್ಟಿಗೆ ತಗ್ಗುತ್ತದೆ.

ಹೊಸದಾಗಿ ತಂದ ನಾಯಿಮರಿಯ ಅಳು ಇನ್ನೊಂದು ಬಗೆ. ಎಂಟು ವಾರದ ಮರಿ ಅಲ್ಲಿಯವರೆಗೆ ತಾಯಿಯ, ಒಡಹುಟ್ಟಿದವರ ಮೈ ಬಿಸಿಗೆ ಅಂಟಿ ಮಲಗಿದ್ದದ್ದು. ಅದನ್ನು ಮೊದಲ ರಾತ್ರಿಯೇ ಬಾಲ್ಕನಿಯಲ್ಲೋ ಅಡುಗೆಮನೆಯಲ್ಲೋ ಕೂಡಿಹಾಕಿ "ಅತ್ತು ಸುಮ್ಮನಾಗಲಿ" ಎಂದು ಬಿಡುವ ರೂಢಿ ಹಳೆಯದು, ಒಳ್ಳೆಯದಲ್ಲ. ಒಂಟಿತನಕ್ಕೆ ಹೆದರುವ ನಾಯಿ ಬೆಳೆದ ಮೇಲೂ ರಾತ್ರಿ ನೆಮ್ಮದಿಯಾಗಿ ಮಲಗುವುದಿಲ್ಲ. ಮೊದಲ ವಾರಗಳಲ್ಲಿ ಅದರ ಬುಟ್ಟಿ ಅಥವಾ ಗೂಡು ಮಂಚದ ಪಕ್ಕದಲ್ಲೇ ಇರಲಿ. ಧೈರ್ಯ ಬಂದಂತೆ ದಿನಕ್ಕಿಷ್ಟು ದೂರ ಸರಿಸುತ್ತ ಅದರ ಖಾಯಂ ಜಾಗಕ್ಕೆ ಒಯ್ಯಬಹುದು. ಮೂತ್ರ ತಡೆಯುವ ಶಕ್ತಿ ಮರಿಗೆ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಅಂದಾಜಿದೆ: ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅಂದರೆ ರಾತ್ರಿ ಒಂದೆರಡು ಸಲ ಏಳುವುದು ಸಾಕಿದವರ ಪಾಲಿನ ಕೆಲಸ. ದೀಪ ಮಂದವಾಗಿರಲಿ, ಮಾತು ಬೇಡ, ಆಟ ಬೇಡ. ಹೊರಗೆ ಕರೆದೊಯ್ದು, ಮೂತ್ರ ಮಾಡಿಸಿ, ಮತ್ತೆ ಬುಟ್ಟಿಗೆ ಬಿಡಬೇಕು. ರಾತ್ರಿ ಏಳುವುದು ಸೊಗಸಾದ ಆಟ ಎಂದು ಮರಿಗೆ ಅನ್ನಿಸಬಾರದು.

ಬೆಳೆದ ನಾಯಿ ಬೊಗಳುವುದಾದರೆ ಮೊದಲು ನೋಡಬೇಕಾದದ್ದು ಅದು ಮಲಗುವ ಜಾಗ. ಬಾಲ್ಕನಿಯಲ್ಲಿ, ಗೇಟಿನ ಬಳಿ ಕಟ್ಟಿಹಾಕಿದ ನಾಯಿ ರಾತ್ರಿಯಿಡೀ ಬೀದಿಯ ಜೊತೆ ಸಂವಾದ ನಡೆಸುತ್ತದೆ. ಅದನ್ನು ಮನೆಯೊಳಗೆ, ಬೀದಿಯಿಂದ ದೂರದ ಕೋಣೆಗೆ ತಂದು, ದಪ್ಪ ಪರದೆ ಹಾಕಿ, ಫ್ಯಾನ್ ಓಡಿಸಿದರೆ ಹೊರಗಿನ ಸದ್ದು ಮಂಕಾಗುತ್ತದೆ. ಸಂಜೆಯ ತಿರುಗಾಟ ಮೂತ್ರ ಮಾಡಿಸಿ ಬರುವ ಐದು ನಿಮಿಷವಾಗಿದ್ದರೆ ಸಾಲದು. ನಾಯಿಗೆ ದಣಿವು ಕಾಲಿನಿಂದ ಬರುವಷ್ಟೇ ಮೂಗಿನಿಂದಲೂ ಬರುತ್ತದೆ. ಅದು ನಿಂತು ಮೂಸುವಷ್ಟೂ ಮೂಸಲು ಬಿಡಬೇಕು, ಎಳೆದುಕೊಂಡು ಹೋಗಬಾರದು. ಮುಧೋಳದಂಥ ಬೇಟೆ ತಳಿಗಳಿಗಂತೂ ಓಡಲು ಬಯಲು ಬೇಕೇ ಬೇಕು. ಕಟ್ಟಿಹಾಕಿದ ನಾಯಿಗೆ ಅಡ್ಡಾಡಲು ಅವಕಾಶ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಅಪಾರ್ಟ್‌ಮೆಂಟುಗಳ ಜಗಳದಲ್ಲಿಯೂ ಎರಡು ಕಡೆಗೆ ಹೊಣೆಯಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಂತೆ ಬೊಗಳುತ್ತದೆ ಎಂಬ ಕಾರಣಕ್ಕೆ ನಿವಾಸಿಗಳ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ರಾತ್ರಿ ಹೊತ್ತು ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು ಎಂಬ ಸೂಚನೆ ಸಾಕಿದವರಿಗೂ ಇದೆ. ಹೊಡೆಯುವುದು, ಕರೆಂಟ್ ಶಾಕ್ ಕೊಡುವ ಪಟ್ಟಿ ಕಟ್ಟುವುದು ಭಯವನ್ನು ಹೆಚ್ಚಿಸುತ್ತದೆ, ಭಯದ ನಾಯಿ ಮತ್ತಷ್ಟು ಬೊಗಳುತ್ತದೆ.

ದೀಪಾವಳಿಯ ರಾತ್ರಿಗಳಿಗೆ ತಯಾರಿ ಮೊದಲೇ ಬೇಕು. ಪಟಾಕಿ ಶುರುವಾಗುವ ಮುಂಚೆಯೇ ತಿರುಗಾಟ, ಊಟ ಮುಗಿಸಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮನೆಯವರೊಬ್ಬರು ಜೊತೆಗಿರಬೇಕು. ನಡುಗುವ ನಾಯಿಯನ್ನು ಸವರಿ ಸಮಾಧಾನ ಮಾಡಿದರೆ ಭಯದ ಅಭ್ಯಾಸವಾಗುತ್ತದೆ ಎಂಬುದು ತಪ್ಪು ನಂಬಿಕೆ, ಸಮಾಧಾನ ಮಾಡಬೇಕು. ವಿಪರೀತ ಹೆದರುವ ನಾಯಿಗೆ ಪಶುವೈದ್ಯರು ಮುಂಚಿತವಾಗಿ ಔಷಧಿ ಕೊಡಬಲ್ಲರು.

ಹ್ಯಾಮ್‌ಸ್ಟರ್ ನಿಜಕ್ಕೂ ರಾತ್ರಿಯ ಪ್ರಾಣಿ. ಅದರ ಓಟದ ಚಕ್ರವನ್ನು ಕಿತ್ತುಹಾಕುವುದು ಕ್ರೌರ್ಯ; ಪಂಜರವನ್ನು ಮಲಗುವ ಕೋಣೆಯಿಂದ ಬೇರೆಡೆಗೆ ಸರಿಸಿದರೆ ಮುಗಿಯಿತು. ಪಂಜರದ ಹಕ್ಕಿಗಳಿಗೆ ಹತ್ತು ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು. ನಡುರಾತ್ರಿಯವರೆಗೆ ಟಿವಿ ಓಡುವ ಹಜಾರ ಅವಕ್ಕೆ ತಕ್ಕ ಜಾಗವಲ್ಲ. ಕಾಕಟೀಲ್ ಹಕ್ಕಿಗಳು ಮಾತ್ರ ಕಗ್ಗತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುವುದುಂಟು. ಅವಕ್ಕೆ ಸಣ್ಣ ದೀಪವೊಂದು ಉರಿಯುತ್ತಿರಲಿ.

ನಾಯಿಯನ್ನು ಮಂಚದ ಮೇಲೆ ಮಲಗಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಒಂದು ಅಳತೆ ಸಿಕ್ಕಿದೆ. ಅಮೆರಿಕದ ಮೇಯೋ ಕ್ಲಿನಿಕ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ರಾದೋಷವಿಲ್ಲದ 40 ಮಂದಿಯ ಮತ್ತು ಅವರ ನಾಯಿಗಳ ನಿದ್ದೆಯನ್ನು ಏಳು ರಾತ್ರಿ ಅಳೆಯಲಾಯಿತು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾಗಿ ನಿದ್ದೆ ಮಾಡಿದ್ದು, ನಾಯಿ ಕೋಣೆಯಲ್ಲಿದ್ದಾಗ ಶೇ. 83, ನಾಯಿ ಹಾಸಿಗೆಯ ಮೇಲೆಯೇ ಇದ್ದಾಗ ಶೇ. 80. ನಿದ್ದೆ ಸೂಕ್ಷ್ಮವಾಗಿರುವವರಿಗೆ ಮಂಚದ ಪಕ್ಕದ ಚಾಪೆಯೇ ಸರಿಯಾದ ನಡುದಾರಿ.

ಇಲ್ಲಿಯವರೆಗಿನ ಮಾತು ಆರೋಗ್ಯವಾಗಿರುವ ಪ್ರಾಣಿಗಳದು. ನೆಮ್ಮದಿಯಾಗಿ ಮಲಗುತ್ತಿದ್ದ ಪ್ರಾಣಿ ಇದ್ದಕ್ಕಿದ್ದಂತೆ ರಾತ್ರಿ ಎದ್ದು ಓಡಾಡತೊಡಗಿದರೆ ಅದನ್ನು ತಿದ್ದಲು ಹೋಗಬಾರದು, ಪರೀಕ್ಷೆ ಮಾಡಿಸಬೇಕು. ಉಣ್ಣೆ, ಚಿಗಟ, ಕಿವಿಯ ಸೋಂಕು ರಾತ್ರಿಯ ನಿಶ್ಶಬ್ದದಲ್ಲಿ ಹೆಚ್ಚು ಕಾಡುತ್ತವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯಿದ್ದರೆ ನೀರಡಿಕೆ ಹೆಚ್ಚಿ ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ. ಕೀಲುನೋವಿರುವ ಮುದಿ ನಾಯಿ ಒಂದು ಮಗ್ಗುಲಲ್ಲಿ ಬಹಳ ಹೊತ್ತು ಮಲಗಲಾರದು. ಬೆಳಗಾಗುವವರೆಗೆ ಕಾಯಬಾರದ ಎರಡು ಸಂದರ್ಭಗಳಿವೆ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕಿ ಹನಿಯೂ ಬಾರದಿರುವುದು ಒಂದು. ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಹೊರಬಾರದಿರುವುದು ಇನ್ನೊಂದು. ಎರಡೂ ಪ್ರಾಣಕ್ಕೆ ಎರವಾಗುತ್ತವೆ.

ಹತ್ತು ವರ್ಷ ದಾಟಿದ ಬೆಕ್ಕು ನಡುರಾತ್ರಿ ಗಟ್ಟಿಯಾಗಿ ಅರಚುವುದು, ಚೆನ್ನಾಗಿ ತಿಂದರೂ ಸೊರಗುವುದು ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದರ ಗುರುತಾಗಿರಬಹುದು. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1979ರಲ್ಲಿ. ಈಗ ಒಂದು ರಕ್ತಪರೀಕ್ಷೆಯಿಂದ ಸಾಮಾನ್ಯವಾಗಿ ಪತ್ತೆಯಾಗುತ್ತದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ. ರಕ್ತದೊತ್ತಡ, ಕಿವುಡು ಕೂಡ ಮುದಿ ಬೆಕ್ಕನ್ನು ಕೂಗಿಸುತ್ತವೆ.

ಮುದಿ ನಾಯಿಗಳಲ್ಲಿ ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ಮೆದುಳಿನ ಸವಕಳಿ ಉಂಟಾಗುತ್ತದೆ. ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೋಣೆಯಿಂದ ಕೋಣೆಗೆ ಅಲೆಯುವುದು, ಗೋಡೆ ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುವುದು, ಕಾರಣವಿಲ್ಲದೆ ಊಳಿಡುವುದು, ಪರಿಚಿತರನ್ನು ಗುರುತಿಸದಿರುವುದು ಇದರ ಲಕ್ಷಣಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ತಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ. 28ಕ್ಕೆ, 15–16 ವರ್ಷದವುಗಳಲ್ಲಿ ಶೇ. 68ಕ್ಕೆ ಇಂಥ ಒಂದಾದರೂ ಲಕ್ಷಣವಿತ್ತು. ಪೂರ್ತಿ ಗುಣವಾಗುವ ಕಾಯಿಲೆಯಲ್ಲ. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಬಳಸುವ ಸೆಲಿಜಿಲಿನ್ ಕೆಲವು ನಾಯಿಗಳಿಗೆ ನೆರವಾಗುತ್ತದೆ. ಹಗಲು ಬಿಸಿಲಿನಲ್ಲಿ ನಿಧಾನವಾಗಿ ನಡೆಸುವುದು, ರಾತ್ರಿ ಓಡಾಡುವ ದಾರಿಯಲ್ಲಿ ಸಣ್ಣ ದೀಪ, ಜಾರದ ಹಾಸು, ಮನೆಯ ಸಾಮಾನಿನ ಜಾಗ ಬದಲಿಸದಿರುವುದು ಸಾಕಷ್ಟು ಉಪಯೋಗಕ್ಕೆ ಬರುತ್ತವೆ.

ಮನೆಯಲ್ಲಿರುವ ನಿದ್ದೆ ಮಾತ್ರೆ, ನೋವಿನ ಮಾತ್ರೆಗಳನ್ನು ಮಾತ್ರ ಯಾವ ಪ್ರಾಣಿಗೂ ಕೊಡಬಾರದು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕೆಲವು ಸಿಹಿ ಮಾತ್ರೆಗಳಲ್ಲಿರುವ ಜೈಲಿಟಾಲ್ ನಾಯಿಗೆ ವಿಷ. ವೈದ್ಯರ ಬಳಿ ಹೋಗುವಾಗ ರಾತ್ರಿಯ ವರ್ತನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತ್ತು, ಎಷ್ಟು ನೀರು ಕುಡಿಯಿತು ಎಂದು ಒಂದು ವಾರ ಬರೆದಿಟ್ಟುಕೊಂಡು ಒಯ್ಯಿರಿ. ಚಿಕಿತ್ಸಾಲಯದ ಮೇಜಿನ ಮೇಲೆ ಸುಮ್ಮನೆ ನಿಲ್ಲುವ ಪ್ರಾಣಿಯನ್ನು ನೋಡಿ ವೈದ್ಯರಿಗೆ ತಿಳಿಯದ್ದು ಆ ಬರಹದಿಂದ ತಿಳಿಯುತ್ತದೆ.