ಬೆಕ್ಕು ಕಣಜದಲ್ಲಿರಲಿ, ಹೊಲದಲ್ಲಿ ಬೇಡ

ಇಲಿಗಳ ಕಾಟಕ್ಕೆ ಬೆಕ್ಕು ಸಾಕದ ರೈತರ ಮನೆ ಅಪರೂಪ. ತಪ್ಪೇನಿಲ್ಲ. ಆದರೆ ಅದೇ ಬೆಕ್ಕು ರಾತ್ರಿ ನಿಮ್ಮ ಹೊಲದ ಬದುವಿನಲ್ಲಿ ಏನು ಹುಡುಕುತ್ತದೆ, ಬಲ್ಲಿರಾ?

ಟಿಟ್ಟಿಭ, ಗೌಜಲಕ್ಕಿ, ನೆಲಗುಬ್ಬಿಗಳು ಮೊಟ್ಟೆಯಿಡುವುದು ನೆಲದ ಮೇಲೆ. ಟಿಟ್ಟಿಭವು ಹೆಂಟೆಗಳ ನಡುವೆ ಸಾಮಾನ್ಯವಾಗಿ 4 ಮೊಟ್ಟೆಯಿಟ್ಟು ಸುಮಾರು 4 ವಾರ ಕಾವು ಕೊಡುತ್ತದೆ. ಹೊರಬಂದ ಮರಿಗೆ ಓಡಲು ಬರುತ್ತದೆ, ಹಾರಲು ಬಾರದು. ಬೆಕ್ಕಿಗೆ ಅಷ್ಟು ಸಾಕು. ಗೆದ್ದಲು, ಜೀರುಂಡೆ ತಿಂದು ನಿಮಗೆ ನೆರವಾಗುವ ಹಕ್ಕಿಗಳಿವು. 2023ರ ಭಾರತದ ಹಕ್ಕಿಗಳ ಸ್ಥಿತಿ ವರದಿಯಂತೆ, ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ನೂರಕ್ಕೆ 60 ಇಳಿಮುಖವಾಗಿವೆ. ಹುಲ್ಲುಗಾವಲು ಹೋದದ್ದು, ವಿಷ ಸಿಂಪಡಿಸಿದ್ದು ದೊಡ್ಡ ಕಾರಣಗಳು. ಬೆಕ್ಕು ಗಾಯದ ಮೇಲಿನ ಬರೆ.

ಗಂಟೆ ಕಟ್ಟಿದರೆ? 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. (ಗಾದೆಯ ಇಲಿಗಳಿಗೆ ಇದೊಂದು ಸಮಾಧಾನ!) ಆದರೆ ಮಾಂಸ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ನೂರಕ್ಕೆ 36ರಷ್ಟು ತಗ್ಗಿತು. ಆದ್ದರಿಂದ ಬೆಕ್ಕನ್ನು ಉಪವಾಸ ಕೆಡವಬೇಡಿ.

ಮಾರ್ಚಿಯಿಂದ ಆಗಸ್ಟ್‌ವರೆಗೆ, ಸಂಜೆ ಮೀನಿನ ತಲೆಯೋ ಮೊಟ್ಟೆಯೋ ಹಾಕಿ ಬೆಕ್ಕನ್ನು ದಾಸ್ತಾನು ಕೋಣೆಯಲ್ಲಿ ಕೂಡಿ, ಹೊತ್ತೇರಿದ ಮೇಲೆ ಬಿಡಿ. ಇಲಿ ಬರುವುದೂ ಅಲ್ಲಿಗೇ ತಾನೆ? ಇಲಿ ಪಾಷಾಣ ಇಟ್ಟ ಕೋಣೆಯಾದರೆ ಮಾತ್ರ ಬೇಡ.