ನೀರು ಇಳಿದ ಗದ್ದೆಗೆ ಬಂದ ಜಂತು

2001ರ ಮುಂಗಾರಿನಲ್ಲಿ ಮಂಡ್ಯ ಸೀಮೆಯ ಭತ್ತದ ಗದ್ದೆಗಳು ಅಲ್ಲಲ್ಲಿ ಹಳದಿಗೆ ತಿರುಗಿದವು. ಪೈರು ಗಿಡ್ಡವಾಯಿತು, ತೆಂಡೆ ಒಡೆಯಲಿಲ್ಲ. ಇಂಥ ಪೈರು ಕಂಡರೆ ಯಾರಿಗಾದರೂ ಮೊದಲು ನೆನಪಾಗುವುದು ಯೂರಿಯಾ, ಆಮೇಲೆ ಸತು. ಮಣ್ಣು ಸಮೇತ ಕಿತ್ತು ಬೇರು ತೊಳೆದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಬೇರಿನ ತುದಿ ಊದಿಕೊಂಡು ಮೀನಿನ ಗಾಳದ ಹಾಗೆ ಬಾಗಿರುತ್ತದೆ.

ಆ ಗಂಟಿನೊಳಗಿರುವುದು ಮೆಲಾಯ್ಡೊಗೈನ್ ಗ್ರಾಮಿನಿಕೋಲ ಎಂಬ, ಬರಿಗಣ್ಣಿಗೆ ಕಾಣದ ಜಂತುಹುಳು. 1965ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಗೋಲ್ಡನ್ ಮತ್ತು ಬರ್ಚ್‌ಫೀಲ್ಡ್ ಎಂಬ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಅವರಿಗೆ ಸಿಕ್ಕಿದ್ದು ಒಂದು ಕಳೆಹುಲ್ಲಿನ ಬೇರಿನಲ್ಲಿ! ಇದರ ದಾಯಾದಿಯೊಂದನ್ನು ಬಾರ್ಬರ್ ಎಂಬವರು ನೀಲಗಿರಿಯ ದೇವಾಲದ ಚಹಾ ತೋಟದಲ್ಲಿ 1901ರಲ್ಲೇ ಗುರುತಿಸಿದ್ದರು. ಭತ್ತದ ಜಂತು ಮಾತ್ರ ಬಹುಕಾಲ ಮಳೆ ನಂಬಿದ ಒಣಹೊಲಗಳ ಪೀಡೆ ಎಂದೇ ಅನ್ನಿಸಿಕೊಂಡಿತ್ತು. ನಾಲೆ ನೀರಿನ ಮಂಡ್ಯಕ್ಕೆ ಅದು ಹೇಗೆ ಬಂತು?

ಮೊಟ್ಟೆಯೊಡೆದ ಮರಿ ಮಣ್ಣಿನಲ್ಲಿ ಹರಿದು ಬೇರಿನ ತುದಿ ಕೊರೆಯಬೇಕು. ಮೇಲೆ ನೀರು ನಿಂತಿದ್ದರೆ ಅದಕ್ಕೆ ಆಗದು. ಒಳಹೊಕ್ಕ ಮೇಲೆ ನೀರಿನ ಹಂಗಿಲ್ಲ. ಹೆಣ್ಣು ಬೇರಿನೊಳಗೇ ಮೊಟ್ಟೆಯಿಡುತ್ತದೆ, ಮರಿಗಳು ಹೊರಬಾರದೆ ಅದೇ ಬೇರನ್ನು ಹಿಡಿಯುತ್ತವೆ. ಮೂರು ನಾಲ್ಕು ವಾರಕ್ಕೊಂದು ಪೀಳಿಗೆ. ಸಸಿ ಬೆಳೆಸುವ ಒಣ ಒಟ್ಟಲಿನಲ್ಲಿ ಅಂಟಿದ್ದು ಸಸಿಯ ಜೊತೆಗೇ ಗದ್ದೆಗಿಳಿಯುತ್ತದೆ.

ಬದುವಿನೊಳಗೆ ನೀರು ನಿಲ್ಲಿಸುತ್ತಿದ್ದ ಬೇಸಾಯ ಇಂಥದ್ದೊಂದು ಕಾವಲೂ ಆಗಿತ್ತು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತ, ಕೂರಿಗೆ ಬಿತ್ತನೆ ಎಂದು ನೀರು ಉಳಿಸುವುದು ತಪ್ಪಲ್ಲ. ನಾಲೆಯ ಕೊನೆಯ ರೈತನಿಗೆ ಬೇರೆ ದಾರಿಯಾದರೂ ಎಲ್ಲಿದೆ? ನೀರು ಬಿಡಿಸುವಾಗ ಬೇರಿನ ಕಡೆಗೂ ಕಣ್ಣಿಡಿ ಎಂದು ಯಾರೂ ಗಟ್ಟಿಯಾಗಿ ಹೇಳದೆ ಹೋದದ್ದಕ್ಕೆ ನನಗೆ ಸಿಟ್ಟು.

2016ರಲ್ಲಿ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಗದ್ದೆಗಳಲ್ಲಿ ಇದೇ ಜಂತು ಕಾಣಿಸಿಕೊಂಡಿತು, ಯುರೋಪಿನಲ್ಲಿ ಮೊದಲ ಸಲ. ಅಲ್ಲಿಯವರು ಮೊರೆಹೋದದ್ದು ನೀರು ನಿಲ್ಲಿಸುವ ಹಳೆಯ ಉಪಾಯಕ್ಕೆ. ಭತ್ತವನ್ನೇ ಬಲೆಯಾಗಿ ಬಿತ್ತಿ, ಬೇರು ಹೊಕ್ಕ ಜಂತು ಮೊಟ್ಟೆಯಿಡುವ ಮೊದಲೇ ಪೈರು ಸಾಯಿಸುವ ಪ್ರಯೋಗವನ್ನೂ ಮಾಡಿದರು.

ನಮ್ಮಲ್ಲಿ ಮೊದಲ ಗಮನ ಒಟ್ಟಲಿಗೇ ಸಲ್ಲಬೇಕು. ಬೇಸಗೆಯಲ್ಲಿ ಆ ಜಾಗಕ್ಕೆ ನೀರುಣಿಸಿ, ತೆಳು ಪಾರದರ್ಶಕ ಪಾಲಿಥೀನ್ ಹೊದಿಸಿ ಕೆಲವು ವಾರ ಬಿಸಿಲಿಗೆ ಬೇಯಲು ಬಿಟ್ಟರೆ ಮರಿ, ಮೊಟ್ಟೆ ಬಹಳಷ್ಟು ಸಾಯುತ್ತವೆ. ಎಳ್ಳು, ಸಾಸಿವೆಯ ಸರದಿ ಜಂತುವನ್ನು ಹಸಿವಿಗೆ ಕೆಡವುತ್ತದೆ. ಆದರೆ ಬದುವಿನ ಹುಲ್ಲು ಬಿಟ್ಟರೆ ಈ ಶ್ರಮವೆಲ್ಲ ವ್ಯರ್ಥ, ಭತ್ತವಿಲ್ಲದ ದಿನಗಳಲ್ಲಿ ಅದಕ್ಕೆ ಅಲ್ಲೇ ಊಟ. ಆಫ್ರಿಕಾದ ಭತ್ತದ ಕೆಲವು ತಳಿಗಳು ಇದನ್ನು ತಡೆದುಕೊಳ್ಳುತ್ತವೆ. ಆ ಗುಣವನ್ನು ನಮ್ಮ ಭತ್ತಕ್ಕೆ ತರಹೊರಟರೆ ಸಂಕರದ ಪೈರಿನಲ್ಲಿ ಕಾಳೇ ಸರಿಯಾಗಿ ಕಟ್ಟುವುದಿಲ್ಲ. ತಳಿ ವಿಜ್ಞಾನಿಗಳು ಗುದ್ದಾಡುತ್ತಿರುವುದು ಅಲ್ಲೇ.